ಗಾನಯಂತ್ರದ ಗತಿಯೂ ಅದರ ಪೆಟ್ಟಿಗೆಯೂ

ಸುರಪುರ ಸಂಸ್ಥಾನದಲ್ಲಿ 1841ರಿಂದ 1853ರ ವರೆಗೆ ಆಂಗ್ಲರ ಪರವಾಗಿ ಅಧಿಕಾರ ನಡೆಯಿಸಿದ ಮೆಡೋಸ್ ಟೇಲರನ ಹೆಸರನ್ನು ಸಗರನಾಡಿನ ವಾಚಕರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಆತನು ಕಥೆ ಕಾದಂಬರಿಗಳನ್ನಲ್ಲದೆ ನಮ್ಮ ದೇಶದ ವಾದ್ಯಗಳ ವಿಷಯವಾಗಿಯೂ ಒಂದು ಲೇಖನವನ್ನು ಬರೆದನು. ವಾದ್ಯದ ಆಕಾರವನ್ನು ಕಾಗದದ ಮೇಲೆ ವರ್ಣಿಸಬಹುದು. ನಾದವನ್ನು ಹಿಡಿದಿಡುವುದು ಹೇಗೆ? ಟೇಲರನು 1876ರಲ್ಲಿ ತೀರಿಕೊಂಡನು. ಅದರ ಮರುವರ್ಷವೇ ಅಮೇರಿಕಾದಲ್ಲಿ ಎಡಿಸನ್ನನು ಧ್ವನಿಯನ್ನು ಬರೆದಿಟ್ಟು ಮರಳಿ ನುಡಿಸುವ ಯಂತ್ರವನ್ನು ರಚಿಸಿದನು. ಆದುದರಿಂದ ಟೇಲರನ ಕಾಲದಲ್ಲಿ ಸುರಪುರದಲ್ಲಿ ಹಾಡಿದವರ ಕಂಠವು ಹೇಗಿದ್ದಿತೆಂಬುದು ನಮಗೆ ಎಂದಿಗೂ ತಿಳಿಯದು. ಅನಂತರದ ಗಾಯಕರ ಕಂಠವೇನೋ ಉಳಿದಿದೆ. ಆದರೆ ಉಳಿದುದು ಅವರ ಕಂಠವಾಗಿಯೇ ನಮ್ಮ ಕಿವಿಯನ್ನು ಸೇರುತ್ತಿರುವುದೇ? ಪ್ರಕೃತ ಲೇಖನದ ವಿಚಾರವು ಇದೇ.

ಶ್ರುತಿಯು ತಾಯಿ, ಲಯವು ತಂದೆ ಎಂದು ಹಿರಿಯರು ಹೇಳುತ್ತ ಬಂದಿರುವರು. ಹಾಡುವವನಲ್ಲಿ ಒಂದು ಕೆಟ್ಟರೂ ಇನ್ನೊಂದು ಉಳಿಯಬಹುದು. ಧ್ವನಿಮುದ್ರಿಕೆಯಲ್ಲಿಯಾದರೋ ಹಾಗಲ್ಲ. ತಟ್ಟೆಯು ತಿರುಗುವ ಗತಿಯು ತಪ್ಪಿದರೆ ಶ್ರುತಿ ಲಯಗಳೆರಡೂ ಒಮ್ಮೆಗೇ ತಪ್ಪುವುವು. ನಿಮಿಷಕ್ಕೆ 78 ಸುತ್ತು ತಿರುಗಬೇಕಾದ ತಟ್ಟೆಯು 80 ಸುತ್ತು ತಿರುಗಿದರೆ, ಸ್ವರವು ಅರ್ಧಸ್ವರದ ಅರ್ಧಕ್ಕೆ ಸಮೀಪವಾಗಿ ಮೇಲೇರುವುದು. ಎರಡೇ ಸುತ್ತಿನ ಅಂತರವು ಗಾಯಕನನ್ನು ಬೇರೆಯವನನ್ನಾಗಿ ಮಾಡಬಲ್ಲದು.

ಬರ್ಲಿನರನು 1887ರಲ್ಲಿ ತಟ್ಟೆಯ ಯಂತ್ರವನ್ನು ಕಂಡುಹಿಡಿದಾಗ ಅದನ್ನು ಕೈಯಿಂದಲೇ ತಿರುಗಿಸಬೇಕಾಗಿದ್ದಿತು. ಕೈ ದಣಿದಂತೆ ಹಾಡೂ ದಣಿಯುತ್ತಿದ್ದಿತು. 1896ರ ಸುಮಾರಿಗೆ ಎಲ್ಡ್ರಿಜ್ ಜಾನ್ಸನ್ನನು ಸುರುಳಿಕಮಾನಿನ ಯಂತ್ರವನ್ನು ಅಣಿಗೊಳಿಸಿದನು. ಈ ಬಗೆಯ ಯಂತ್ರಗಳಲ್ಲಿ ಗತಿಯನ್ನು ಕಾಯುವ ಅಂಗವೊಂದುಂಟು. ತೆಳುವಾದ ಪಟ್ಟಿಗಳಿಗೆ ಕಟ್ಟಿದ ಮೂರು ಗುಂಡುಗಳು ಭರದಿಂದ ತಿರುಗುವುವು. ವೇಗವು ಹೆಚ್ಚಿದರೆ ಅವು ಹೊರಕ್ಕೆ ಚಾಚಿಕೊಂಡು ಒಂದು ಬಿಲ್ಲೆಯನ್ನು ತೊಗಲಿನ ಇಲ್ಲವೆ ಉಣ್ಣೆಯ ತುಂಡಿಗೆ ಒತ್ತುವಂತೆ ಎಳೆಯುವುವು. ಆ ಘರ್ಷಣೆಯಿಂದ ವೇಗವು ಮರಳಿ ಇಳಿಯುವುದು. ಇಂಥ ಸೂಕ್ಷ್ಮವಾದ ಅಂಗಕ್ಕೆ ಧೂಳು ಪರಮವೈರಿ. ಆದಕಾರಣ ಗ್ರಾಮೋಫೋನಿನ ಮರದ ಪೆಟ್ಟಿಗೆಯು ಬರಿಯ ಅಲಂಕಾರವಾಗಿರಲಿಲ್ಲ. ಗತಿಯನ್ನು ಕಾಯುವವನನ್ನು ಕಾಯುವ ಕೋಟೆಯಾಗಿದ್ದಿತು.

1902ರಲ್ಲಿ ಗೈಸ್‌ಬರ್ಗನು ಕಲಕತ್ತೆಗೆ ಬಂದು ಗೌಹರ್ ಜಾನಳ ಹಾಡನ್ನು ಮುದ್ರಿಸಿದನು. ಆಕೆಯು ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಹೇಳುತ್ತಿದ್ದಳು. ಮುಂದೆ ಮೈಸೂರಿನ ಆಸ್ಥಾನದ ಆಶ್ರಯವನ್ನು ಪಡೆದು 1930ರಲ್ಲಿ ಆ ಊರಿನಲ್ಲಿಯೇ ದಿವಂಗತಳಾದಳು. ಆಕೆಯ ಕಾಲದ ತಟ್ಟೆಗಳಿಗೆ 78 ಎಂಬ ನಿಯಮವು ಇನ್ನೂ ಸ್ಥಿರವಾಗಿರಲಿಲ್ಲ. ಒಂದು ತಟ್ಟೆಯು 74ರಲ್ಲಿ, ಇನ್ನೊಂದು 80ರಲ್ಲಿ ಮುದ್ರಿತವಾಗಿರಬಹುದು. ಆ ಹೆಸರು ಹೇಳುವ ದನಿಯು ಎಳೆಯದೋ ಮಾಗಿದುದೋ ಎಂಬುದು ನಾವು ತಿರುಗಿಸುವ ಗತಿಯನ್ನವಲಂಬಿಸಿದೆ.

ಗಂಗೂಬಾಯಿ ಹಾನಗಲ್ಲರ ಉದಾಹರಣೆಯು ನಮಗೆ ಇನ್ನೂ ಹತ್ತಿರದ್ದು. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಹೊರಬಂದ ಅವರ ತಟ್ಟೆಗಳಲ್ಲಿ ಕಂಠವು ತೆಳುವೂ ಎತ್ತರವೂ ಆಗಿದೆ. ತರುವಾಯ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಆ ಕಂಠವು ಲೋಕಪ್ರಸಿದ್ಧವಾದ ಗಂಭೀರಸ್ವರವಾಯಿತು. ಈ ಎರಡು ಕಂಠಗಳ ನಡುವಣ ಅಂತರವೆಷ್ಟೆಂದು ಅಳೆಯಬಯಸುವವನ ಯಂತ್ರವು ವೇಗವಾಗಿ ತಿರುಗಿದರೆ, ಯಂತ್ರದ ದೋಷವನ್ನು ಆತನು ವೈದ್ಯನ ಲೆಕ್ಕಕ್ಕೆ ಬರೆದಾನು!

ವಿದ್ಯುತ್ತಿನ ಕಾಲ ಬಂದ ಮೇಲೆ ಗುಂಡುಗಳ ಕೆಲಸವು ತಂತಿಗೆ ಬಂದಿತು. ಒಂದು ಬಗೆಯ ಮೋಟಾರಿನ ಗತಿಯು ವಿದ್ಯುತ್ತಿನ ಒತ್ತಡವನ್ನಲ್ಲ, ಅದರ ಆವರ್ತನವನ್ನು ಹಿಂಬಾಲಿಸುವುದು. ನಮ್ಮಲ್ಲಿ ಅದು ಸೆಕೆಂಡಿಗೆ 50, ಅಮೇರಿಕಾದಲ್ಲಿ 60. ಹಿಂದೆ ದಕ್ಷಿಣದ ವಿದ್ಯುಜ್ಜಾಲದಲ್ಲಿ ಅದು 49ಕ್ಕಿಂತಲೂ ಕೆಳಗಿಳಿಯುತ್ತಿದ್ದುದುಂಟು. ನಮ್ಮ ನೆರೆಯ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ ತಂತಿಯ ಮೂಲಕ 2013ರ ಡಿಸೆಂಬರ್ 31ರಂದು ದಕ್ಷಿಣದ ಜಾಲವು ಉಳಿದ ದೇಶದೊಡನೆ ಕೂಡಿಕೊಂಡಿತು. ಈಗ ಆವರ್ತನದ ಏರಿಳಿತವು ಅಲ್ಪ. ಆದರೂ ಪರದೇಶದ 60ರ ಯಂತ್ರವನ್ನು ನಡೆಯಿಸಲೂ, ಹಳೆಯ ತಟ್ಟೆಗೆ 74ನ್ನೋ 80ನ್ನೋ ಹೊಂದಿಸಲೂ ಬೇರೆ ಉಪಾಯವು ಬೇಕು.

ಇದಕ್ಕಾಗಿ ಕೆಲವರು ಮನೆಯಲ್ಲಿಯೇ ಗತಿನಿಯಂತ್ರಕವನ್ನು ಕಟ್ಟಿಕೊಳ್ಳುವರು. ಸ್ಫಟಿಕದ ತುಣುಕೊಂದು ತಪ್ಪದೆ ಕಂಪಿಸುವುದು. ಆ ಕಂಪನವನ್ನು ಭಾಗಿಸಿ ಬೇಕಾದ ಆವರ್ತನವನ್ನು ಪಡೆದು, ಬಲಪಡಿಸಿ, ಟ್ರಾನ್ಸ್‌ಫಾರ್ಮರಿನಿಂದ 230 ವೋಲ್ಟಿಗೆ ಏರಿಸಿ ಮೋಟಾರಿಗೆ ಕೊಡುವರು. 50ರಲ್ಲಿ 33⅓ ಸುತ್ತು ತಿರುಗುವ ಯಂತ್ರವು 67½ರಲ್ಲಿ 45 ಸುತ್ತು ತಿರುಗುವುದು. ಗುಂಡಿಯೊಂದನ್ನು ಮೆಲ್ಲನೆ ತಿರುಗಿಸಿ ಸುತ್ತನ್ನು ಕೂದಲೆಳೆಯಷ್ಟು ಏರಿಸಬಹುದು, ಇಳಿಸಬಹುದು.

ನನ್ನ ಹಳೆಯ ಶಿಷ್ಯನೊಬ್ಬನು ಸುರಪುರದಲ್ಲಿ ಇಂಥದೊಂದನ್ನು ಕಟ್ಟಿ, ಹಲಗೆಯ ಮೇಲೆ ಬರಿದಾಗಿಯೇ ಇಟ್ಟು, ಹಾಡು ಸರಿಯಾಗಿ ಬಂದಿತೆಂದು ಸಂತೋಷದಿಂದ ನನ್ನನ್ನು ಕರೆದನು. ನಾವು ಕೇಳುತ್ತ ಕುಳಿತಿರುವಾಗಲೇ ಆತನ ಮೂರು ವರ್ಷದ ಮಗಳು ಮಿನುಗುವ ದೀಪವನ್ನು ಹಿಡಿಯಲು ಕೈ ಚಾಚಿದಳು. ತಾಯಿಯು ಓಡಿಬಂದು ಎತ್ತಿಕೊಂಡದ್ದರಿಂದ ಅನಾಹುತವು ತಪ್ಪಿತು. ಮರುದಿನವೇ ಬಡಿಗನ ಬಳಿಗೆ ಹೋದೆವು. ವಿವರವನ್ನೆಲ್ಲ ಕೇಳಿದ ಆ ವೃದ್ಧನು, “ಮಾಸ್ತರ್ರೇ, ಒಳಗ ಬಿಸಿ ಆಗ್ತದಂತೀರಿ. ಆ ಬಿಸಿ ಹೊರಗ ಹೋಗಲಿಕ್ಕ ಹಾದಿ ಎಲ್ಲಿ ಬಿಡಬೇಕ್ರಿ?” ಎಂದನು. ವೈಶಾಖದಲ್ಲಿ 40 ಡಿಗ್ರಿಯನ್ನು ಮೀರುವ ನಮ್ಮ ಸೀಮೆಯಲ್ಲಿ ಇದಕ್ಕಿಂತ ಉಚಿತವಾದ ಪ್ರಶ್ನೆಯಿಲ್ಲ.

ಕೊನೆಗೆ ಸಿದ್ಧವಾದ ಪೆಟ್ಟಿಗೆಯು ಹೀಗಿದೆ: ಹೊರಗೆ ಸಾಗುವಾನಿ, ಒಳಗೆ ತಗಡು. ತಗಡಿಗೆ ಅರ್ತಿಂಗಿನ ತಂತಿಯನ್ನು ಬಿಗಿದಿದೆ. ಒಳಗಿನ ತಂತಿಯು ಕಳಚಿ ತಗಡಿಗೆ ತಾಗಿದರೆ ಫ್ಯೂಜು ಹೋಗಬೇಕೇ ಹೊರತು ಮನುಷ್ಯನಲ್ಲ. ತಂತಿಯು ತೂರುವ ತೂತಿಗೆ ರಬ್ಬರಿನ ಉಂಗುರವಿದೆ. ಬಿಸಿಗಾಳಿಗಾಗಿ ಕೆಳಗೂ ಹಿಂಬದಿಯ ಮೇಲ್ತುದಿಯಲ್ಲಿಯೂ ಸಣ್ಣ ರಂಧ್ರಗಳಿವೆ. ಅವಕ್ಕೆ ಹಲ್ಲಿ ಇರುವೆಗಳು ಹೋಗದಂತೆ ಜಾಳಿಗೆಯಿದೆ. ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಟ್ಟುವಿಕೆಯು ಹಾಡಿನಲ್ಲಿ ಬೆರೆಯದಂತೆ ಪೆಟ್ಟಿಗೆಯನ್ನು ಯಂತ್ರದಿಂದ ಮೊಳದಷ್ಟು ದೂರವಿಟ್ಟು, ಯಂತ್ರದಡಿಯಲ್ಲಿ ಶಹಾಬಾದಿನ ಹಾಸುಗಲ್ಲನ್ನು ಹಾಕಿದೆವು.

ಮುಂಭಾಗದಲ್ಲಿ ಒಂದು ಚಿಕ್ಕ ದೀಪವುಂಟು. ತಟ್ಟೆಯ ಮೇಲೆ 180 ಗೆರೆಗಳ ಕಾಗದವನ್ನಿಟ್ಟು, ಸೆಕೆಂಡಿಗೆ 100 ಸಲ ಮಿನುಗುವ ಬೆಳಕಿನಲ್ಲಿ ನೋಡಿದರೆ, 33⅓ರ ಗತಿಯು ಸರಿಯಿದ್ದಾಗ ಗೆರೆಗಳು ನಿಂತಂತೆ ತೋರುವುವು. ಮನೆಯ ಸಾಮಾನ್ಯ ದೀಪದಲ್ಲಿ ಇದನ್ನು ನೋಡುವವರುಂಟು. ಆದರೆ ಮನೆಯ ವಿದ್ಯುತ್ತಿನ ಆವರ್ತನವೇ ಜಾರಿದ್ದರೆ ಮೋಟಾರೂ ದೀಪವೂ ಕೂಡಿಯೇ ಜಾರುವುವು. ಅದು ಕಳ್ಳನ ಮಾತಿಗೆ ಕಳ್ಳನ ತಮ್ಮನನ್ನೇ ಸಾಕ್ಷಿ ಕರೆದಂತೆ. ಆದುದರಿಂದ ಈ ದೀಪವು ಸ್ಫಟಿಕದ ಕಂಪನದಿಂದಲೇ ಮಿನುಗುವಂತೆ ಮಾಡಿದೆ.

ಯಾದಗಿರಿ, ಶಹಾಪುರ, ಸುರಪುರಗಳ ಹಳೆಯ ಮನೆಗಳ ಅಟ್ಟದಲ್ಲಿ ಕೆಲವು ತಟ್ಟೆಗಳಾದರೂ ಇನ್ನೂ ಇದ್ದಾವು. ಅವನ್ನು ಹೊರತೆಗೆಯುವವರು ಮೊದಲು ಗತಿಯನ್ನು ಸರಿಪಡಿಸಿಕೊಳ್ಳಲಿ. ಗತಿಯನ್ನು ಕಾಯುವ ಯಂತ್ರಕ್ಕೆ ಒಂದು ಭದ್ರವಾದ ಪೆಟ್ಟಿಗೆಯನ್ನು ಮಾಡಿಸಲಿ. ಹಾಡಿದವರು ಈಗ ಬಂದು ತಮ್ಮ ಶ್ರುತಿಯು ಇದಲ್ಲವೆಂದು ಹೇಳಲಾರರು. ಅವರ ಪರವಾಗಿ ಆ ಮಾತನ್ನು ಹೇಳಬೇಕಾದ ಹೊಣೆಯು ಕೇಳುವವರದು.