ದೊಡ್ಡ ಮರದ ನೆರಳು

ನಮ್ಮ ಮೊಬೈಲಿನೊಳಗೆ ಕೋಟಿಗಟ್ಟಲೆ ಅಡಗಿರುವ ‘ಮಾಸ್‌ಫೆಟ್’ ಟ್ರಾನ್ಸಿಸ್ಟರ್ ರೂಪುಗೊಂಡದ್ದು 1959ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ರೂಪಿಸಿದವರು ಈಜಿಪ್ಟಿನಲ್ಲಿ ಹುಟ್ಟಿದ ಮುಹಮ್ಮದ್ ಅಟಾಲ್ಲಾ ಮತ್ತು ಕೊರಿಯಾದಲ್ಲಿ ಹುಟ್ಟಿದ ಡಾವನ್ ಕಾಂಗ್. ದೂರದೇಶದಿಂದ ಬಂದ ಈ ಇಬ್ಬರಿಗೆ ದೂರವಾಣಿ ಕಂಪೆನಿಯ ಆ ಪ್ರಯೋಗಾಲಯ ಸಂಬಳ, ಸಲಕರಣೆ, ನುರಿತ ಸಂಗಾತಿಗಳನ್ನು ಒದಗಿಸಿತು. ಒಂಟಿಯಾಗಿ ದುಡಿಯುವವನಿಗೆ ಇದೆಲ್ಲ ಎಟುಕದು.

ಆದರೆ ದುಡಿಮೆಗೆ ಬೆಲೆ ಕಟ್ಟುವವರು ಮೇಲಿನವರು. ಬೆಲ್ ಹಳೆಯ ಬಗೆಯ ಟ್ರಾನ್ಸಿಸ್ಟರನ್ನೇ ನೆಚ್ಚಿ, ಹೊಸದನ್ನು ವರ್ಷಗಟ್ಟಲೆ ಬದಿಗಿಟ್ಟಿತು. ಅಟಾಲ್ಲಾ ಹೊರನಡೆದರು, ಮುಂದೆ ಬ್ಯಾಂಕುಗಳ ರಹಸ್ಯ ಸಂಖ್ಯೆಗಳನ್ನು ಕಾಯುವ ಸ್ವಂತ ಕಂಪೆನಿ ಕಟ್ಟಿದರು. ಕಾಂಗ್ ಅಲ್ಲೇ ಉಳಿದರು. 1967ರಲ್ಲಿ ಸಹೋದ್ಯೋಗಿ ಸೈಮನ್ ಝೀ ಜೊತೆ, ಇಂದಿನ ಪೆನ್‌ಡ್ರೈವಿಗೆ ಬುನಾದಿಯಾದ ಸಾಧನವನ್ನು ರೂಪಿಸಿದರು.

ದೊಡ್ಡ ಕಂಪೆನಿಯ ನೇಮಕಪತ್ರ ಬಂದರೆ ಮಿಠಾಯಿ ಹಂಚುವ ನಾವು ಮಕ್ಕಳನ್ನು ಸಂಬಳವೆಷ್ಟೆಂದು ಕೇಳುತ್ತೇವೆ. ನಿನ್ನ ಕೆಲಸದ ಹಣೆಬರಹ ಬರೆಯುವವರು ಯಾರೆಂದೂ ಕೇಳಬೇಕಲ್ಲವೇ?