ಕಾಗೆ, ಹದ್ದುಗಳ ದಾಳಿಯಿಂದ ಗಾಯಗೊಂಡ ನವಜಾತ ಕುರಿಮರಿಗಳ ಆರೈಕೆ

(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಕುರಿ ಸಾಕಣೆದಾರರ ಮಾಹಿತಿಗಾಗಿ)

ಕೆರೆಯಂಗಳ, ಗೋಮಾಳ, ಮಾವಿನ ತೋಪು ಹಾಗೂ ಕಲ್ಲುಗುಡ್ಡಗಳ ಬುಡದಲ್ಲಿ ಮೇಯುವಾಗಲೇ ಕುರಿ ಈದಲ್ಲಿ, ಮಾಸಿನ ವಾಸನೆ ಮತ್ತು ರಕ್ತಕ್ಕೆ ನಾಯಿಗಳಂತೆಯೇ ಕಾಗೆ, ಹದ್ದುಗಳೂ ಬರುತ್ತವೆ. ಎದ್ದು ನಿಲ್ಲಲಾರದ ಮರಿಯ ಕಣ್ಣು, ನಾಲಿಗೆ, ಹೊಕ್ಕುಳು ಮತ್ತು ಗುದದ್ವಾರದಂತಹ ಮೃದು ಭಾಗಗಳನ್ನು ಅವು ಕುಕ್ಕುತ್ತವೆ. ಹೀಗೆ ಗಾಯಗೊಂಡು ಉಳಿದ ಮರಿಗೆ ಗಾಯದಷ್ಟೇ ಅಪಾಯಕಾರಿಯಾದವು ಶೀತ, ಹಸಿವು ಮತ್ತು ಸೋಂಕು. ಆದ್ದರಿಂದ ಮೊದಲ 24 ಗಂಟೆಗಳ ಆರೈಕೆಯು ಅತ್ಯಂತ ಮುಖ್ಯವಾಗಿರುತ್ತದೆ.

1. ತಕ್ಷಣದ ಕ್ರಮಗಳು

ಮರಿಯನ್ನು ತಾಯಿಯೊಂದಿಗೆ ನೆರಳಿಗೆ ಸಾಗಿಸತಕ್ಕದ್ದು. ಮರಿಯನ್ನು ತಾಯಿಯಿಂದ ಬಹಳ ಹೊತ್ತು ಬೇರ್ಪಡಿಸಿದಲ್ಲಿ ತಾಯಿಯು ಅದನ್ನು ಸೇರಿಸದಿರುವ ಸಂಭವವಿರುತ್ತದೆ. ಈಯುತ್ತಿರುವ ಕುರಿಯನ್ನೂ ಪಕ್ಷಿಗಳು ಕುಕ್ಕುವುದರಿಂದ ಅದರ ಕಣ್ಣು ಹಾಗೂ ಹಿಂಭಾಗವನ್ನು ಪರೀಕ್ಷಿಸುವುದು.

ರಕ್ತ ಸೋರುತ್ತಿದ್ದಲ್ಲಿ ಶುಭ್ರವಾದ ಬಟ್ಟೆಯಿಂದ 5ರಿಂದ 10 ನಿಮಿಷ ಒತ್ತಿ ಹಿಡಿಯುವುದು. ಕಣ್ಣಿನ ಗುಡ್ಡೆಯನ್ನು ಮಾತ್ರ ಒತ್ತಬಾರದು.

ಒಣಬಟ್ಟೆಯಿಂದ ಮೈಯನ್ನು ಒರೆಸಿ, ಒಣ ಹುಲ್ಲು ಅಥವಾ ಗೋಣಿಚೀಲದ ಮೇಲೆ ಮಲಗಿಸುವುದು. ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಬಹುದು. ಮರಿಯ ಸಾಮಾನ್ಯ ದೇಹದ ಉಷ್ಣತೆ 102ರಿಂದ 104 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 99 ಡಿಗ್ರಿಗಿಂತ ಕಡಿಮೆಯಾದಲ್ಲಿ ಅಥವಾ ಬಾಯೊಳಗೆ ಬೆರಳಿಟ್ಟಾಗ ತಣ್ಣಗಿದ್ದಲ್ಲಿ ಅದನ್ನು ತುರ್ತು ಸ್ಥಿತಿಯೆಂದು ಪರಿಗಣಿಸಿ ಪಶುವೈದ್ಯರನ್ನು ಕರೆಸತಕ್ಕದ್ದು.

2. ಗಿಣ್ಣುಹಾಲು

ಕುರಿಮರಿಯು ಹುಟ್ಟುವಾಗ ರೋಗನಿರೋಧಕ ಶಕ್ತಿಯನ್ನು ಪಡೆದಿರುವುದಿಲ್ಲ. ಅದು ಗಿಣ್ಣುಹಾಲಿನಿಂದಲೇ ದೊರೆಯಬೇಕು. ಮೊದಲ 2 ಗಂಟೆಗಳೊಳಗೆ, ತಡವಾದರೂ 6 ಗಂಟೆಗಳೊಳಗೆ ಗಿಣ್ಣುಹಾಲು ಕುಡಿಸುವುದು. ಪ್ರತಿ ಕಿಲೋ ತೂಕಕ್ಕೆ ಒಂದು ಸಲಕ್ಕೆ 50 ಮಿ.ಲೀ.ನಂತೆ, 24 ಗಂಟೆಗಳಲ್ಲಿ ಒಟ್ಟು 200 ಮಿ.ಲೀ. ಅಗತ್ಯ. ಅಂದರೆ ಎರಡೂವರೆ ಕಿಲೋ ತೂಕದ ಮರಿಗೆ ದಿನಕ್ಕೆ ಅರ್ಧ ಲೀಟರ್ ಬೇಕಾಗುತ್ತದೆ.

ನಾಲಿಗೆಗೆ ಪೆಟ್ಟಾದ ಮರಿಯು ಕೆಚ್ಚಲನ್ನು ಹಿಡಿಯಲಾರದು. ಅಂತಹ ಸಂದರ್ಭದಲ್ಲಿ ತಾಯಿಯ ಹಾಲನ್ನು ಕರೆದು, ಬೆಚ್ಚಗಿರುವಾಗಲೇ ನಿಪ್ಪಲ್ ಬಾಟಲಿಯಿಂದ ಕುಡಿಸುವುದು. ತಾಯಿಯಲ್ಲಿ ಹಾಲಿಲ್ಲದಿದ್ದಲ್ಲಿ ಅದೇ ಸಮಯದಲ್ಲಿ ಈದ ಬೇರೆ ಕುರಿಯ ಗಿಣ್ಣುಹಾಲನ್ನು ಬಳಸಬಹುದು. ತಲೆಯೆತ್ತಲಾರದ ಮರಿಯ ಬಾಯಿಗೆ ಹಾಲನ್ನು ಸುರಿಯಬಾರದು; ಹಾಲು ಶ್ವಾಸಕೋಶಕ್ಕೆ ಇಳಿದು ಮರಿ ಸಾಯುವ ಅಪಾಯವಿದೆ.

3. ಗಾಯಗಳ ಆರೈಕೆ

ಅ) ಸಾಮಾನ್ಯ ಗಾಯ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಬೆರೆಸಿ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚುವುದು. ಸೀಮೆಎಣ್ಣೆ, ಸುಣ್ಣ, ಬೂದಿ ಇತ್ಯಾದಿಗಳನ್ನು ಹಾಕಬಾರದು.

ಆ) ಕಣ್ಣು: ಮೇಲ್ಕಂಡ ಉಪ್ಪುನೀರಿನಿಂದ ಮಾತ್ರ ಮೃದುವಾಗಿ ತೊಳೆಯುವುದು. ಗುಡ್ಡೆ ಒಡೆದಿದ್ದಲ್ಲಿ ಒದ್ದೆಯಾದ ಶುಭ್ರ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಒಯ್ಯುವುದು. ಮನೆಯಲ್ಲಿ ಉಳಿದಿರುವ ಕಣ್ಣಿನ ಹನಿಗಳನ್ನು ವೈದ್ಯರ ಸಲಹೆಯಿಲ್ಲದೆ ಹಾಕಬಾರದು. ಒಂದು ಕಣ್ಣು ಕಳೆದುಕೊಂಡ ಮರಿಯೂ ಮಂದೆಯೊಡನೆ ಬೆಳೆಯಬಲ್ಲದು. ಅದೊಂದೇ ಕಾರಣಕ್ಕೆ ಆರೈಕೆಯನ್ನು ಕೈಬಿಡುವ ಅಗತ್ಯವಿಲ್ಲ.

ಇ) ಹೊಕ್ಕುಳು: ಅಯೋಡಿನ್ ದ್ರಾವಣದಲ್ಲಿ ಅದ್ದುವುದು. ಕರುಳು ಹೊರಬಂದಿದ್ದಲ್ಲಿ ಅಯೋಡಿನ್ ಹಚ್ಚದೆ, ಒಳಗೆ ತಳ್ಳದೆ, ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಸುತ್ತಿ ತಕ್ಷಣವೇ ಆಸ್ಪತ್ರೆಗೆ ಸಾಗಿಸತಕ್ಕದ್ದು.

ಈ) ಹುಳುಬಾಧೆ: ನೊಣಗಳು ಗಾಯದಲ್ಲಿ ಮೊಟ್ಟೆಯಿಡುವುದರಿಂದ ದಿನಕ್ಕೆ ಎರಡು ಬಾರಿ ಗಾಯವನ್ನು ಪರೀಕ್ಷಿಸುವುದು.

ಧನುರ್ವಾಯು ತಡೆ ಚುಚ್ಚುಮದ್ದು, ಆ್ಯಂಟಿಬಯೋಟಿಕ್ ಹಾಗೂ ನೋವುನಿವಾರಕಗಳನ್ನು ಪಶುವೈದ್ಯರೇ ನಿರ್ಧರಿಸುವರು. ಜಾನುವಾರುಗಳಿಗೆ ಡೈಕ್ಲೋಫೆನಾಕ್ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಗಿದೆ. ಈ ಔಷಧಿ ಪಡೆದು ಸತ್ತ ಪ್ರಾಣಿಯನ್ನು ತಿಂದ ರಣಹದ್ದುಗಳು ಸಾಯುತ್ತವೆ. ಆದ್ದರಿಂದ ಔಷಧಿ ಅಂಗಡಿಯಿಂದ ಮನುಷ್ಯರ ಮಾತ್ರೆ ತಂದು ಕೊಡಬಾರದು.

4. ಮುನ್ನೆಚ್ಚರಿಕೆ

- ದಿನ ತುಂಬಿದ ಕುರಿಗಳನ್ನು ದೂರ ಮೇಯಿಸಲು ಹೊಡೆಯದೆ ರೊಪ್ಪದಲ್ಲಿಯೇ ಉಳಿಸಿಕೊಳ್ಳುವುದು.
- ಈದ ನಂತರ ಕನಿಷ್ಠ ಒಂದು ವಾರ ಮರಿಗಳನ್ನು ಬಲೆ ಹೊದಿಸಿದ ಆವರಣದಲ್ಲಿ ಅಥವಾ ಗಾಳಿಯಾಡುವ ಬುಟ್ಟಿಯಡಿ ಇರಿಸುವುದು.
- ಮಾಸು ಮತ್ತು ಸತ್ತ ಮರಿಗಳನ್ನು ಕೈಗವಸು ಧರಿಸಿ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು.
- ನಿತ್ರಾಣ ಮರಿಗಳೇ ಹೆಚ್ಚಾಗಿ ಪಕ್ಷಿಗಳಿಗೆ ಸಿಗುವುದರಿಂದ ಗಬ್ಬದ ಕೊನೆಯ ಆರು ವಾರ ತಾಯಿಗೆ ಪೌಷ್ಟಿಕ ಆಹಾರ ನೀಡುವುದು.
- ಹದ್ದುಗಳು 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯಡಿ ಸಂರಕ್ಷಿತವಾಗಿವೆ. ವಿಷವಿಡುವುದು, ಗುಂಡು ಹಾರಿಸುವುದು ಶಿಕ್ಷಾರ್ಹ ಅಪರಾಧ.

5. ಸೇವೆ ಮತ್ತು ಪರಿಹಾರ

ತುರ್ತು ಚಿಕಿತ್ಸೆಗೆ ಪಶು ಸಂಜೀವಿನಿ ಸಂಚಾರಿ ಘಟಕದ ಶುಲ್ಕರಹಿತ ಸಂಖ್ಯೆ 1962ಕ್ಕೆ, ಸಲಹೆಗಾಗಿ ಪಶುಪಾಲಕರ ಸಹಾಯವಾಣಿ 8277100200ಕ್ಕೆ ಕರೆ ಮಾಡಬಹುದು. ಗ್ರಾಮದ ಹೆಸರು, ಮರಿಯ ವಯಸ್ಸು, ಗಾಯದ ಸ್ಥಳ ಮತ್ತು ಹಾಲು ಕುಡಿದಿದೆಯೇ ಎಂಬುದನ್ನು ತಿಳಿಸುವುದು.

ಆಕಸ್ಮಿಕವಾಗಿ ಸಾಯುವ ಕುರಿ, ಮೇಕೆಗಳಿಗೆ ಅನುಗ್ರಹ ಯೋಜನೆಯಡಿ ನೀಡುವ ಪರಿಹಾರವನ್ನು 2025-26ನೇ ಸಾಲಿನ ಆಯವ್ಯಯದಲ್ಲಿ ರೂ. 7,500ಕ್ಕೆ, 3ರಿಂದ 6 ತಿಂಗಳ ಮರಿಗಳಿಗೆ ರೂ. 5,000ಕ್ಕೆ ಹೆಚ್ಚಿಸಲಾಯಿತು. ಅರ್ಜಿಯೊಂದಿಗೆ ಪಶುವೈದ್ಯರ ಮರಣೋತ್ತರ ಪರೀಕ್ಷಾ ವರದಿ ಅಗತ್ಯವಿರುವುದರಿಂದ, ಪರೀಕ್ಷೆಗೆ ಮೊದಲು ಕಳೇಬರವನ್ನು ಹೂಳಬಾರದು. ಮೂರು ತಿಂಗಳಿಗಿಂತ ಚಿಕ್ಕ ಮರಿಗಳು ಈ ವಯೋಮಿತಿಯೊಳಗೆ ಬರುವುದಿಲ್ಲ. ಆದ್ದರಿಂದ ನವಜಾತ ಮರಿಯ ವಿಷಯದಲ್ಲಿ ಸಾಕಣೆದಾರರ ನಷ್ಟವನ್ನು ತಪ್ಪಿಸುವ ಮಾರ್ಗವು ಸಕಾಲಿಕ ಆರೈಕೆಯೇ ಆಗಿರುತ್ತದೆ. ಹೆಚ್ಚಿನ ಮಾಹಿತಿಗಾಗಿ ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸುವುದು.