ಚಾಳೀಸು: ಮೊದಲು ದೂರದ್ದು ಕಂಡಿತು, ಆಮೇಲೆ ಹತ್ತಿರದ್ದು

(1/3)
ಸೂಜಿಗೆ ದಾರ ಪೋಣಿಸುವಾಗ ಅವ್ವ ಕೈಯನ್ನ ದೂರ ದೂರ ಹಿಡೀತಾಳಲ್ಲ, ನೋಡೀರೇನು? ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಇದಕ್ಕ ‘ಚಾಳೀಸು ಬಂತು’ ಅಂತೀವಿ. ಮರಾಠಿಯಲ್ಲಿ ಚಾಳೀಸ ಅಂದ್ರೆ ನಲವತ್ತು. ವಯಸ್ಸಿನ ಲೆಕ್ಕವೇ ಕಣ್ಣಿನ ತೊಂದರೆಗೂ ಹೆಸರಾಯಿತು, ಅದಕ್ಕೆ ಹಾಕುವ ಕನ್ನಡಕಕ್ಕೂ ಹೆಸರಾಯಿತು.

ಹತ್ತಿರದ್ದನ್ನು ನೋಡುವಾಗ ಕಣ್ಣಿನೊಳಗಿನ ಮಸೂರ ಉಬ್ಬಬೇಕು. ವಯಸ್ಸಾದಂತೆ ಅದು ಗಟ್ಟಿಯಾಗುತ್ತದೆ, ಉಬ್ಬೋದಿಲ್ಲ. ಇಷ್ಟೇ ಚಾಳೀಸು.

‘ಓದು ಬರಹ ಇಲ್ಲದವರಿಗೆ ಚಾಳೀಸು ಯಾಕ?’ ಅನ್ನೋರು ಇದ್ದಾರ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಮಕ್ಕಳನ್ನ ನೋಡ್ರಿ. ಎಲೆ ಕತ್ತರಿಸಬೇಕು, ತಂಬಾಕು ತುಂಬಬೇಕು, ಸುತ್ತಿ ದಾರ ಕಟ್ಟಬೇಕು. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಅಥಣಿ ಕಡೆ ಕೊಲ್ಹಾಪುರಿ ಚಪ್ಪಲಿ ಹೊಲಿಯುವವರನ್ನ ನೋಡ್ರಿ. 2019ರಲ್ಲಿ ಜಿಐ ಟ್ಯಾಗ್ ಸಿಕ್ಕ ಆ ಕಸುಬು ನಿಂತಿರೋದು ಚರ್ಮದ ಸಣ್ಣ ಹೊಲಿಗೆ, ಹೆಣಿಗೆಯ ಮೇಲೆ. ಹತ್ತಿರದ ಕಣ್ಣು ಮಂಜಾದರೆ ಕೂಲಿಯೇ ಇಳೀತದ. ಅಸ್ಸಾಂನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕೂಲಿಕಾರರಿಗೆ ಹತ್ತಿರದ ಕನ್ನಡಕ ಕೊಟ್ಟು ಲೆಕ್ಕ ಹಾಕಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕನ್ನಡಕ ಸಿಕ್ಕವರ ದುಡಿಮೆ, ಸಿಗದವರಿಗೆ ಹೋಲಿಸಿದರೆ ಶೇ 21.7ರಷ್ಟು ಏರಿತ್ತು.

(2/3)
ಈಗ ಮೋತಿಬಿಂದಿನ ಕಥೆಗೆ ಬರೋಣ. ಕಣ್ಣೊಳಗೆ ಲೆನ್ಸ್ ಕೂಡಿಸುವ ವಿದ್ಯೆ ಹುಟ್ಟಿದ್ದೇ ಅದರಿಂದ.

1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ಅವರು 1943ರಿಂದ ಊರೂರಿಗೆ ಹೋಗಿ ಶಿಬಿರ ಹಾಕಿದರು. ಒಂದೇ ದಿನ 833 ಮಂದಿಗೆ ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. ಆದರೆ ಆ ಕಾಲದ ಶಿಬಿರಗಳಲ್ಲಿ ಪೊರೆ ಬಂದ ಮಸೂರ ತೆಗೆದ ಮೇಲೆ ಆ ಜಾಗ ಖಾಲಿಯೇ ಉಳೀತಿತ್ತು. ಅದಕ್ಕೇ ನಮ್ಮ ಅಜ್ಜಂದಿರ ಮೂಗಿನ ಮೇಲೆ ಸೋಡಾ ಬಾಟಲಿ ತಳದಂಥ ದಪ್ಪ ಗಾಜು. ಅದು ಒಡೆದರೆ ಮತ್ತೆ ಕತ್ತಲೆ.

ಖಾಲಿ ಜಾಗ ತುಂಬಿದವರು ಲಂಡನ್ನಿನ ಹೆರಾಲ್ಡ್ ರಿಡ್ಲಿ. ಯುದ್ಧದಲ್ಲಿ ಗಾಯಗೊಂಡ ಪೈಲಟ್‌ಗಳ ಕಣ್ಣಲ್ಲಿ ವಿಮಾನದ ಪ್ಲಾಸ್ಟಿಕ್ ಚೂರು ಹೊಕ್ಕಿದ್ದರೂ ಕಣ್ಣು ಅದನ್ನು ಸಹಿಸಿಕೊಂಡಿದ್ದನ್ನು ಅವರು ಕಂಡರು. ಅಂಥದೇ ಪ್ಲಾಸ್ಟಿಕ್ಕಿನ ಮಸೂರವನ್ನು 1949ರ ನವೆಂಬರ್ 29ರಂದು ರೋಗಿಯ ಕಣ್ಣಲ್ಲಿ ಇಟ್ಟರು. ದೊಡ್ಡ ದೊಡ್ಡ ಡಾಕ್ಟರರೇ ವರ್ಷಗಟ್ಟಲೆ ವಿರೋಧಿಸಿದರು. ಅವರಿಗೆ ‘ಸರ್’ ಪದವಿ ಸಿಕ್ಕಿದ್ದು 2000ದಲ್ಲಿ!

ನಮ್ಮಂಥವರ ಕೈಗೆ ಲೆನ್ಸ್ ಎಟುಕುವಂತೆ ಮಾಡಿದ್ದರಲ್ಲಿ ಮದುರೈನ ಅರೋಲ್ಯಾಬ್ ಪಾಲು ದೊಡ್ಡದು. 1992ರಿಂದ ಅಲ್ಲಿ ಕಡಿಮೆ ಬೆಲೆಯ ಲೆನ್ಸ್ ತಯಾರಾಗತೊಡಗಿತು.

(3/3)
ಆದರೂ ಒಂದು ಮಾತು ಉಳೀತು. ಆ ಲೆನ್ಸ್ ಉಬ್ಬೋದಿಲ್ಲ, ಒಂದೇ ದೂರಕ್ಕೆ ಸರಿ. ಸಾಮಾನ್ಯವಾಗಿ ಅದನ್ನು ದೂರದ ನೋಟಕ್ಕೇ ಹೊಂದಿಸ್ತಾರ. ಬಸ್ಸಿನ ಬೋರ್ಡು ಕಾಣ್ತದ, ಸೂಜಿಯ ಕಣ್ಣು ಕಾಣೋದಿಲ್ಲ. ‘ಆಪರೇಷನ್ ಕೆಟ್ಟಿತು’ ಅಂತ ಎಷ್ಟೋ ಮಂದಿ ತಿಳೀತಾರ. ಕೆಟ್ಟಿಲ್ಲ, ಚಾಳೀಸು ಬೇಕು ಅಷ್ಟೇ.

ದೂರ, ಹತ್ತಿರ ಎರಡನ್ನೂ ತೋರಿಸುವ ಮಲ್ಟಿಫೋಕಲ್ ಲೆನ್ಸಿಗೆ ಅಮೆರಿಕದಲ್ಲಿ ಮೊದಲ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. ಅದು ಬೆಳಕನ್ನೇ ಹಂಚಿಬಿಡ್ತದ. ಹಿಂಗಾಗಿ ಕೆಲವರಿಗೆ ರಾತ್ರಿ ದೀಪದ ಸುತ್ತ ಬಳೆಯಂಥ ಬೆಳಕು ಕಾಣ್ತದ. ಕಬ್ಬಿನ ಸೀಜನ್‌ನಲ್ಲಿ ರಾತ್ರಿಯೆಲ್ಲ ಟ್ರ್ಯಾಕ್ಟರ್ ಹೊಡೆಯೋರು ಇದನ್ನ ಯೋಚಿಸಲೇಬೇಕು. ಬೆಲೆಯೂ ಜಾಸ್ತಿ. ಇನ್ನೊಂದು ದಾರಿ: ಒಂದು ಕಣ್ಣು ದೂರಕ್ಕೆ, ಒಂದು ಹತ್ತಿರಕ್ಕೆ. ಕೂತು ಮಾಡುವ ಕಸುಬಿನವರಿಗೆ ಸಾದಾ ಲೆನ್ಸನ್ನೇ ಹತ್ತಿರಕ್ಕೆ ಹೊಂದಿಸಿ, ದೂರಕ್ಕೆ ಕನ್ನಡಕ ಕೊಡಲೂ ಬರ್ತದ.

ಅದಕ್ಕೇ ಅವ್ವನ್ನ, ಅಪ್ಪನ್ನ ಆಪರೇಷನ್‌ಗೆ ಕರಕೊಂಡು ಹೋದಾಗ ‘ಯಾವ ಲೆನ್ಸಿಗೆ ಎಷ್ಟು’ ಅಂತ ಕೇಳೋಕೆ ಮೊದಲು ಅವರ ಕೈ ಏನು ಕೆಲಸ ಮಾಡ್ತದ ಅಂತ ಡಾಕ್ಟರಿಗೆ ಹೇಳ್ರಿ. ಬರೀ ಚಾಳೀಸು ಬಂದವರಿಗೆ ಕನ್ನಡಕವೇ ಸಾಕು, ಚಾಕು ಹಿಡಿಸೋ ಅವಸರ ಬೇಡ.

ನಿಮ್ಮ ಮನ್ಯಾಗ ದಪ್ಪ ಗಾಜಿನ ಹಳೇ ಚಾಳೀಸು ಇನ್ನೂ ಇದೆಯೇನು? ಯಾರದು ಅಂತ ಕಮೆಂಟಿನ್ಯಾಗ ಬರೀರಿ 👓

#ಚಾಳೀಸು #ಗಡಿನಾಡು #ಚಿಕ್ಕೋಡಿ #ನಿಪ್ಪಾಣಿ #ರಾಯಬಾಗ #ಅಥಣಿ #ಕಾಗವಾಡ